ಎದುರಿಗೊಬ್ಬ ವಾಲಿ ಇಲ್ಲದ ಬರಹ

ನಿವೃತ್ತರಾದ ಕನ್ನಡ ಮಾಷ್ಟ್ರುಗಳಿಗೆ ನಮ್ಮ ಕಡೆಯಲ್ಲಿ ಪಿಂಚಣಿಯ ಜೊತೆಗೆ ಇನ್ನೊಂದು ಉದ್ಯೋಗವೂ ತಾನಾಗಿ ಒದಗುತ್ತದೆ. ಪಂಚಾಯತಿನಿಂದಲೋ ವಿಲೇಜ್ ಆಫೀಸಿನಿಂದಲೋ ಬ್ಯಾಂಕಿನಿಂದಲೋ ಬಂದ ಕಾಗದವನ್ನು ಹಿಡಿದುಕೊಂಡು ಯಾರಾದರೊಬ್ಬರು ಸಂಜೆಯ ಹೊತ್ತಿಗೆ ಬಂದು ಜಗಲಿಯಲ್ಲಿ ಕುಳಿತುಕೊಳ್ಳುತ್ತಾರೆ. ಹಾಗೆ ಬರುವವರಿಗೆ ಓದಲು ಬಾರದೆಂದು ಯಾರೂ ತಿಳಿಯಬೇಕಾಗಿಲ್ಲ. 1991ರ ಏಪ್ರಿಲ್ 18ರಂದು ಕೇರಳವನ್ನು ಸಂಪೂರ್ಣ ಸಾಕ್ಷರ ರಾಜ್ಯವೆಂದು ಘೋಷಿಸಿದಾಗ ಕಾಸರಗೋಡಿನ ನಾವೂ ಆ ಲೆಕ್ಕದಲ್ಲಿದ್ದೆವು. ನಮ್ಮಲ್ಲಿ ಅನೇಕರಿಗೆ ಕನ್ನಡ ಮತ್ತು ಮಲಯಾಳ ಎರಡರ ಅಕ್ಷರಗಳೂ ಗೊತ್ತು. ಅವರು ಕಾಗದವನ್ನು ಮನೆಯಲ್ಲಿಯೇ ಓದಿ, ಮತ್ತೊಮ್ಮೆ ಓದಿ, ಆಮೇಲೆ ಬಂದಿರುತ್ತಾರೆ. "ಓದಿದೆ ಮಾಷ್ಟ್ರೇ, ನಾನು ಈಗ ಎಂತ ಮಾಡಬೇಕು ಅಂತ ಮಾತ್ರ ಗೊತ್ತಾಗಲಿಲ್ಲ" ಎಂಬುದು ಬಹುತೇಕ ಎಲ್ಲರೂ ಹೇಳುವ ಮಾತು.

ಇತ್ತೀಚೆಗೆ ನೆರೆಯ ಹೆಂಗಸೊಬ್ಬರು ತಂದ ನೋಟೀಸಿನ ಒಂದು ವಾಕ್ಯ ಹೀಗಿತ್ತು: "ಪ್ರಸ್ತುತ ಆರ್ಥಿಕ ವರ್ಷದಲ್ಲಿ ಅನುಷ್ಠಾನಗೊಳಿಸಲ್ಪಡುವ ಕುಡಿಯುವ ನೀರಿನ ಯೋಜನೆಯ ಗುಣಭೋಕ್ತೃಗಳ ಪಟ್ಟಿಯಲ್ಲಿ ಒಳಪಡಿಸಲ್ಪಟ್ಟಿದ್ದು ನಿಗದಿತ ದಾಖಲೆಗಳನ್ನು ಹಾಜರುಪಡಿಸದೆ ಇರುವವರ ವಿಷಯದಲ್ಲಿ ಮುಂದಿನ ಕ್ರಮಗಳನ್ನು ಕೈಗೊಳ್ಳಲಾಗುವುದಾಗಿ ಈ ಮೂಲಕ ತಿಳಿಯಪಡಿಸಲಾಗಿದೆ." ಆಕೆ ಕೇಳಿದ್ದು ಮೂರೇ ಪ್ರಶ್ನೆ: ನನ್ನ ಹೆಸರು ಉಂಟಾ ಇಲ್ಲವಾ, ಎಂತೆಂತ ಕಾಗದ ಕೊಡಬೇಕು, ಕೊಡದಿದ್ದರೆ ಎಂತ ಆಗುತ್ತದೆ. ಆ ನೋಟೀಸಿನಲ್ಲಿ ಈ ಮೂರಕ್ಕೂ ಉತ್ತರವಿರಲಿಲ್ಲ. ಮರುದಿನ ಆಕೆಯ ಜೊತೆ ಕಚೇರಿಗೆ ಹೋದಾಗ, ತೆಂಕಣ ಕೇರಳದಿಂದ ವರ್ಗವಾಗಿ ಬಂದು ಕನ್ನಡವನ್ನು ಕಷ್ಟಪಟ್ಟು ಮಾತನಾಡುವ ಗುಮಾಸ್ತರೊಬ್ಬರು ಪಟ್ಟಿಯ ಮೇಲೆ ಬೆರಳಾಡಿಸಿ ಹೇಳಿದರು: "ನಿಮ್ಮ ಹೆಸರು ಉಂಟು. ರೇಶನ್ ಕಾರ್ಡಿನ ಕಾಪಿ, ತೆರಿಗೆ ರಶೀದಿ ತನ್ನಿ. ಈ ತಿಂಗಳು ಮುಗಿಯುವ ಮೊದಲು ತರದಿದ್ದರೆ ಹೆಸರು ತೆಗೆಯುತ್ತೇವೆ." ಆಕೆಗೆ ಬೇಕಾದದ್ದೆಲ್ಲ ಆ ಒಡಕು ಕನ್ನಡದಲ್ಲಿ ಸಿಕ್ಕಿತು. ಅಚ್ಚುಕಟ್ಟಾದ ವ್ಯಾಕರಣದಲ್ಲಿ ಮುದ್ರಿತವಾಗಿದ್ದ ನೋಟೀಸಿನಲ್ಲಿ ಅದು ಸಿಕ್ಕಿರಲಿಲ್ಲ. ವಿಷಯ ಕಚೇರಿಯವರಿಗೆ ಚೆನ್ನಾಗಿಯೇ ತಿಳಿದಿತ್ತು, ಕೇಳಿದರೆ ಹೇಳಲು ಅವರಿಗೆ ಹಿಂಜರಿಕೆಯೂ ಇರಲಿಲ್ಲ. ಹಾಗಿದ್ದರೆ ಬಾಯಿಗೂ ಕಾಗದಕ್ಕೂ ನಡುವೆ ಅದು ಎಲ್ಲಿ ಸೋರಿಹೋಯಿತು ಎಂಬುದೇ ನನ್ನನ್ನು ಕಾಡುತ್ತಿರುವ ಪ್ರಶ್ನೆ.

ಪದಗಳ ಜಗಳವನ್ನು ಬದಿಗಿಟ್ಟು

ಸರಳ ಕನ್ನಡದ ಚರ್ಚೆ ಶುರುವಾದಲ್ಲೆಲ್ಲ ಮಾತು ಬೇಗನೆ ಪದಗಳ ಕಡೆಗೆ ಹೊರಳಿಕೊಳ್ಳುತ್ತದೆ. ಸಂಸ್ಕೃತದ ಪದಗಳು ಎಷ್ಟಿರಬೇಕು, ಮಹಾಪ್ರಾಣಗಳು ಬೇಕೇ ಬೇಡವೇ, ಇಂಗ್ಲಿಷಿನಿಂದ ಬಂದದ್ದನ್ನು ಇಟ್ಟುಕೊಳ್ಳಬೇಕೇ ಹೊಸದನ್ನು ಕಟ್ಟಬೇಕೇ ಎಂದು ವಾದಿಸುತ್ತ ಸಭೆ ಮುಗಿಯುತ್ತದೆ. ಗಡಿನಾಡಿನಲ್ಲಿ ಇದಕ್ಕೆ ಮಲಯಾಳದಿಂದ ನುಸುಳಿದ ಪದಗಳ ಮೇಲಿನ ಸಿಟ್ಟೂ ಸೇರಿಕೊಳ್ಳುತ್ತದೆ. ಆ ಸಿಟ್ಟು ಅಕಾರಣವಲ್ಲ ಎಂಬುದನ್ನು ಒಪ್ಪುತ್ತೇನೆ. ಆದರೆ ಮೇಲಿನ ನೋಟೀಸಿನಲ್ಲಿರುವ ತೂಕದ ಪದಗಳನ್ನೆಲ್ಲ ಕಿತ್ತು ಹಗುರವಾದವುಗಳನ್ನು ಹಾಕಿ ನೋಡಿ: ಆ ಹೆಂಗಸಿನ ಮೂರು ಪ್ರಶ್ನೆಗಳು ಇದ್ದಲ್ಲೇ ಇರುತ್ತವೆ. ಅಲ್ಲಿ ಕೊರತೆಯಾಗಿರುವುದು ಪದಗಳದ್ದಲ್ಲ. ಯಾರು, ಯಾರಿಗೆ, ಯಾವುದನ್ನು, ಯಾವಾಗ ಎಂಬ ಸಂಗತಿಗಳದ್ದು.

'ಕ್ರಮ ಕೈಗೊಳ್ಳಲಾಗುವುದು' ಎಂದು ಬರೆದಾಗ ಕೈಗೊಳ್ಳುವವರು ಮಾಯವಾಗುತ್ತಾರೆ. ನಾವು ಮನೆಯಲ್ಲಿ ಹೀಗೆ ಮಾತನಾಡುವುದಿಲ್ಲ. ದನಕ್ಕೆ ಹುಲ್ಲು ಹಾಕಲಾಗಿದೆಯೆಂದು ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ. ಹಾಕಿದೆ, ಹಾಕಿದ್ದಾಳೆ, ಹಾಕಿದ್ದಾರೆ ಎನ್ನುತ್ತೇವೆ, ಮತ್ತು ನಮ್ಮ ಕ್ರಿಯಾಪದದ ತುದಿಯಲ್ಲಿಯೇ ಕರ್ತೃವಿನ ಗುರುತು ಕುಳಿತಿರುವುದರಿಂದ 'ನಾನು' 'ಅವಳು' ಎಂದು ಬೇರೆಯಾಗಿ ಹೇಳಬೇಕಾದ ಅಗತ್ಯವೂ ಬೀಳುವುದಿಲ್ಲ. ಕನ್ನಡ ಇಷ್ಟು ಸುಲಭವಾಗಿ ಒದಗಿಸಿಕೊಟ್ಟ ಅನುಕೂಲವನ್ನು ಕಚೇರಿಯ ಕನ್ನಡ ಪ್ರಯತ್ನಪಟ್ಟು ಅಳಿಸುತ್ತದೆ. 'ಹೆಸರು ತೆಗೆಯುತ್ತೇವೆ' ಎಂದು ಬರೆದವರಿಗೆ ನಾಳೆ ಯಾರಾದರೂ 'ಯಾಕೆ ತೆಗೆದಿರಿ' ಎಂದು ಕೇಳಬಹುದು. 'ಮುಂದಿನ ಕ್ರಮ ಕೈಗೊಳ್ಳಲಾಗುವುದು' ಎಂದವರನ್ನು ಏನೆಂದು ಕೇಳುವುದು? ಆದುದರಿಂದ ಅಸ್ಪಷ್ಟತೆಯೆಲ್ಲವೂ ಅಜ್ಞಾನದಿಂದ ಬಂದದ್ದೆಂದು ನಾನು ನಂಬುವುದಿಲ್ಲ. ಅದರಲ್ಲಿ ಒಂದಷ್ಟು ಪಾಲು ಸ್ವಂತ ರಕ್ಷಣೆಗಾಗಿ ಕಟ್ಟಿಕೊಂಡ ಗೋಡೆ.

ನಮ್ಮ ಜಿಲ್ಲೆಗೆ ಮಾತ್ರ ಸೇರಿದ ಇನ್ನೊಂದು ಕಾರಣವೂ ಇದೆ. ನಮಗೆ ಬರುವ ಕನ್ನಡ ನೋಟೀಸುಗಳು ಮೊದಲು ಮಲಯಾಳದಲ್ಲಿ ಬರೆದವು. ಇಂಗ್ಲಿಷಿನಿಂದ ಕನ್ನಡಕ್ಕೆ ತರುವವರು ವಾಕ್ಯವನ್ನು ಒಡೆಯಲೇಬೇಕಾಗುತ್ತದೆ, ಏಕೆಂದರೆ ಎರಡರಲ್ಲಿಯೂ ಪದಗಳು ಕೂರುವ ಜಾಗ ಬೇರೆ. ಒಡೆದು ಕಟ್ಟುವಾಗ ಅರ್ಥವನ್ನು ಸ್ವಲ್ಪವಾದರೂ ಮುಟ್ಟಿ ನೋಡದೆ ವಿಧಿಯಿಲ್ಲ. ಮಲಯಾಳ ಮತ್ತು ಕನ್ನಡದ ವಾಕ್ಯಗಳಾದರೋ ಹೆಚ್ಚು ಕಡಿಮೆ ಒಂದೇ ಅಚ್ಚಿನವು. ಕ್ರಿಯಾಪದ ಎರಡರಲ್ಲಿಯೂ ಕೊನೆಗೆ ಬರುತ್ತದೆ, ವಿಶೇಷಣಗಳು ಎರಡರಲ್ಲಿಯೂ ನಾಮಪದದ ಮುಂದೆ ಸಾಲುಗಟ್ಟಿ ನಿಲ್ಲುತ್ತವೆ, ಸಂಸ್ಕೃತದ ಪದಗಳು ಎರಡಕ್ಕೂ ಸಮಾನ. ಅನುವಾದಕರು ಪ್ರತ್ಯಯಗಳನ್ನು ಮಾತ್ರ ಬದಲಾಯಿಸಿ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದುಬಿಡಬಹುದು. ವಾಕ್ಯ ಏನು ಹೇಳುತ್ತಿದೆಯೆಂದು ತಿಳಿಯದೆಯೇ ಅದನ್ನು ಕನ್ನಡ ಮಾಡಬಹುದು. ಹಾಗೆ ಮಾಡಿದ್ದು ಕನ್ನಡದಂತೆಯೇ ಕಾಣುತ್ತದೆ. ಈಗ ಮೊಬೈಲು ಫೋನುಗಳೂ ಇದನ್ನೇ ಕ್ಷಣದಲ್ಲಿ ಮಾಡಿಕೊಡುತ್ತಿವೆ.

ಮಾತಾಡಿದಂತೆ ಬರೆಯುವುದಾದರೆ, ಯಾರ ಮಾತು?

ಇದಕ್ಕೆಲ್ಲ ಪರಿಹಾರವೆಂದು ಸಾಮಾನ್ಯವಾಗಿ ಸಿಗುವ ಉಪದೇಶ ಒಂದೇ: ಮಾತಾಡಿದಂತೆ ಬರೆಯಿರಿ. ಮೈಸೂರಿನಲ್ಲಿಯೋ ಧಾರವಾಡದಲ್ಲಿಯೋ ಈ ಮಾತಿಗೆ ಅರ್ಥವಿರಬಹುದು. ನಮ್ಮ ಊರಿನಲ್ಲಿ ಅದನ್ನು ಪಾಲಿಸಲು ಹೊರಟರೆ ಎಲ್ಲಿಗೆ ಮುಟ್ಟುತ್ತೇವೆಂದು ಹೇಳುವುದು ಕಷ್ಟ. ನಮ್ಮ ಮನೆಯಲ್ಲಿ ಆಡುವುದು ಹವ್ಯಕ ಕನ್ನಡ. ತೋಡಿನ ಆಚೆಯ ಮನೆಯಲ್ಲಿ ತುಳು. ಗುಡ್ಡದ ಮೇಲಿನ ಎರಡು ಮನೆಗಳಲ್ಲಿ ಮರಾಠಿ. ಪೇಟೆಯಲ್ಲಿ ಅಂಗಡಿಯವರದು ಕೊಂಕಣಿ, ಬ್ಯಾರಿ, ಮಲಯಾಳ. ಸಪ್ತಭಾಷೆಗಳ ನಾಡು ಎಂದು ಸಭೆಗಳಲ್ಲಿ ಹೆಮ್ಮೆಯಿಂದ ಹೇಳಿಕೊಳ್ಳುತ್ತೇವಷ್ಟೆ. ಇವರಲ್ಲಿ ಬಹಳ ಮಂದಿ ಶಾಲೆಗೆ ಹೋದದ್ದು ಕನ್ನಡ ಮಾಧ್ಯಮದಲ್ಲಿ, ಪತ್ರಿಕೆ ಓದುವುದು ಕನ್ನಡದಲ್ಲಿ, ಮದುವೆಯ ಆಮಂತ್ರಣ ಅಚ್ಚು ಹಾಕಿಸುವುದು ಕನ್ನಡದಲ್ಲಿ. ಬರೆಯುವ ಕನ್ನಡವನ್ನು ತೊಟ್ಟಿಲಿನಿಂದಲೇ ಆಡುತ್ತ ಬಂದವರು ಮಾತ್ರ ನಮ್ಮಲ್ಲಿ ಯಾರೂ ಇಲ್ಲ. ಅದು ಎಲ್ಲರೂ ಕಲಿತು ಬಂದ ಭಾಷೆ, ಎಲ್ಲರೂ ಕೂಡುವ ಚಾವಡಿಯ ಭಾಷೆ.

ಇದನ್ನು ಕೊರತೆಯೆಂದು ಎಣಿಸುವವರಿದ್ದಾರೆ. ನನಗೆ ಹಾಗೆನ್ನಿಸುವುದಿಲ್ಲ. ಮಂಜೇಶ್ವರದ ಗೋವಿಂದ ಪೈಗಳ ಮನೆಮಾತು ಕೊಂಕಣಿ. ಕಯ್ಯಾರ ಕಿಞ್ಞಣ್ಣ ರೈಗಳದು ತುಳು. ಗಡಿನಾಡಿನ ಕನ್ನಡಕ್ಕೆ ಹೆಸರು ತಂದ ಈ ಇಬ್ಬರೂ ಕನ್ನಡವನ್ನು ಮನೆಯ ಹೊರಗಿನಿಂದ ಬಂದು ತಮ್ಮದಾಗಿ ಮಾಡಿಕೊಂಡವರು. ಪೈಗಳು 1911ರಲ್ಲಿ ಪದ್ಯದ ಪ್ರತಿ ಸಾಲಿನ ಎರಡನೆಯ ಅಕ್ಷರದಲ್ಲಿ ಒಂದೇ ವ್ಯಂಜನ ಬರಬೇಕೆಂಬ ದ್ವಿತೀಯಾಕ್ಷರ ಪ್ರಾಸವನ್ನು ಕೈಬಿಟ್ಟ ಸಂಗತಿ ಎಲ್ಲರಿಗೂ ತಿಳಿದದ್ದೇ. ನೂರಾರು ವರ್ಷಗಳಿಂದ ಕವಿಗಳು ಪ್ರಶ್ನಿಸದೆ ಪಾಲಿಸಿಕೊಂಡು ಬಂದ ಕಟ್ಟನ್ನು ಬಿಡಿಸಲು ಹೊರಗಿನಿಂದ ಬಂದವರ ಕಣ್ಣು ಬೇಕಾಯಿತೋ ಏನೋ ಎಂದು ನಾನು ಆಗಾಗ ಯೋಚಿಸುತ್ತೇನೆ. ಇದು ನನ್ನ ಊಹೆಯಷ್ಟೇ. ಅವರ ಗದ್ಯ ಸರಳವೆಂದು ಮಾತ್ರ ಯಾರೂ ಹೇಳಲಾರರು. ಸಂಶೋಧನ ಲೇಖನಗಳನ್ನು ಓದಲು ಕುಳಿತರೆ ಅಡಿಟಿಪ್ಪಣಿಗಳ ನಡುವೆ ದಾರಿ ಹುಡುಕಬೇಕಾಗುತ್ತದೆ. ಆದರೆ ಅಷ್ಟು ದಟ್ಟವಾದ ಬರಹದಲ್ಲಿಯೂ ಯಾವ ರಾಜ, ಯಾವ ಶಾಸನ, ಯಾವ ವರ್ಷ ಎಂಬ ಬಗ್ಗೆ ಗೊಂದಲವಿಲ್ಲ. ಸುಲಭವಲ್ಲದ ಬರಹವೂ ಸ್ಪಷ್ಟವಾಗಿರಬಲ್ಲದು ಎಂಬುದಕ್ಕೆ ನಮ್ಮ ಊರಿನಲ್ಲಿಯೇ ಇರುವ ಸಾಕ್ಷಿ ಅದು.

ಮನೆಮಾತು ಬೇರೆಯಾದವರಿಗಾಗಿ ಬರೆಯುವಾಗ ಅನೇಕ ಅನುಕೂಲಗಳು ತಪ್ಪಿಹೋಗುತ್ತವೆ. ನಮ್ಮ ಮನೆಯಲ್ಲಿ ಅರ್ಧ ಹೇಳಿದರೆ ಉಳಿದರ್ಧ ತಾನಾಗಿ ತಿಳಿಯುತ್ತದೆ. 'ಅದು ಆಯಿತಾ' ಎಂದರೆ ಯಾವುದು ಎಂದು ಯಾರೂ ಕೇಳುವುದಿಲ್ಲ. ಕಾಗದದ ಮೇಲೆ, ತುಳುವಿನವರಿಗೂ ಮರಾಠಿಯವರಿಗೂ ಒಟ್ಟಿಗೆ ಹೇಳುವಾಗ, ಆ ಅರ್ಧವನ್ನು ಬಿಡುವಂತಿಲ್ಲ. ಮಾತಿನ ಸಲಿಗೆಯನ್ನು ನೆಚ್ಚಿಕೊಳ್ಳಲು ಸಾಧ್ಯವಿಲ್ಲದಿರುವುದರಿಂದ ಸಂಗತಿಗಳ ಪೂರ್ಣತೆಯನ್ನೂ ಅವು ಬರುವ ಕ್ರಮವನ್ನೂ ನೆಚ್ಚಿಕೊಳ್ಳಬೇಕು. ನಾನು ತಿಳಿದಿರುವ ಮಟ್ಟಿಗೆ ಸ್ಪಷ್ಟ ಬರಹವೆಂದರೆ ಇದೇ, ಮತ್ತು ಇದನ್ನು ಕಲಿಯುವುದಕ್ಕೆ ಕಾಸರಗೋಡಿಗಿಂತ ಒಳ್ಳೆಯ ಜಾಗ ಇಲ್ಲ.

ಆಟಿಯ ಮಳೆಯಲ್ಲಿ ಕೇಳಿದ ಒಂದು ಪ್ರಶ್ನೆ

ಯಕ್ಷಗಾನದ ಒಂದು ಬಗೆಯಾದ ತಾಳಮದ್ದಳೆಯ ಕೂಟಗಳಿಗೆ ಹೋಗುವವರಿಗೆ ನಾನು ಹೇಳಹೊರಟಿರುವುದು ಬೇಗ ಹಿಡಿಸೀತು. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹೇಳುತ್ತಾರೆ, ಅರ್ಥಧಾರಿಗಳು ಎದುರುಬದುರಾಗಿ ಕುಳಿತು ಅದರ ಅರ್ಥವನ್ನು ಅಲ್ಲಿಯೇ ಕಟ್ಟಿ ಗದ್ಯದಲ್ಲಿ ಹೇಳುತ್ತಾರೆ. ಆ ಗದ್ಯ ಯಾರ ಮನೆಮಾತೂ ಅಲ್ಲ. ಅದರಲ್ಲಿ ತತ್ಸಮಗಳು ತುಂಬಿರುತ್ತವೆ, ವಾಕ್ಯಗಳು ಉದ್ದ. ಆದರೂ ತುಳು ಮಾತ್ರ ಆಡುವ ಅಜ್ಜಿಯಂದಿರು ಮಧ್ಯರಾತ್ರಿ ದಾಟಿದರೂ ಕದಲದೆ ಕುಳಿತಿರುತ್ತಾರೆ. ಕಷ್ಟದ ಪದಗಳು ಓಡಿಸುತ್ತವೆ ಎಂಬುದು ನಿಜವಾಗಿದ್ದರೆ ಆ ಚಾವಡಿಗಳು ಎಂದೋ ಖಾಲಿಯಾಗಬೇಕಿತ್ತು.

ಕೆಲವು ವರ್ಷಗಳ ಹಿಂದೆ, ಜೋರು ಮಳೆಯ ಆಟಿ ತಿಂಗಳಲ್ಲಿ, ನಮ್ಮ ಸಮೀಪದ ದೇವಸ್ಥಾನದ ಸಭಾಭವನದಲ್ಲಿ ರಾಮ ಮತ್ತು ವಾಲಿಯರ ಸಂವಾದವಿತ್ತು. ಮೇಲೆ ತಗಡಿನ ಮಾಡು, ಅದರ ಮೇಲೆ ಬಿಡದೆ ಹೊಯ್ಯುವ ಮಳೆ; ಮೈಕು ಇದ್ದರೂ ಕಿವಿಯನ್ನು ಚೂಪು ಮಾಡಿಕೊಂಡೇ ಕೇಳಬೇಕು. ರಾಮನ ಅರ್ಥ ಹೇಳುತ್ತಿದ್ದವರು ವಿದ್ವಾಂಸರು. ವಾಲಿಯ ಆಕ್ಷೇಪಕ್ಕೆ ಉತ್ತರವಾಗಿ ಅವರು ಧರ್ಮದ ಸ್ವರೂಪ, ರಾಜಧರ್ಮ, ಯುಗಧರ್ಮ, ಇಕ್ಷ್ವಾಕುಗಳ ಆಳ್ವಿಕೆ ಎಂದು ಒಂದರ ಮೇಲೊಂದು ಹೇಳುತ್ತ ಹೋದರು. ಮಾತು ಸೊಗಸಾಗಿತ್ತು, ಶ್ಲೋಕಗಳು ಸರಿಯಾದ ಜಾಗದಲ್ಲಿ ಬರುತ್ತಿದ್ದವು, ಜನರು ತಲೆದೂಗುತ್ತಿದ್ದರು. ವಾಲಿಯ ಅರ್ಥಧಾರಿ ಅಷ್ಟು ಹೊತ್ತೂ ತಲೆ ತಗ್ಗಿಸಿ ಕುಳಿತಿದ್ದವರು, ಎಲ್ಲ ಮುಗಿದ ಮೇಲೆ ಮೆಲ್ಲಗೆ ಮುಖವೆತ್ತಿ, "ಸ್ವಾಮೀ, ತಾವು ಹೇಳಿದ್ದನ್ನೆಲ್ಲ ಕೇಳಿದೆ. ಬಾಣ ನೆಟ್ಟಿದೆ, ನನಗೆ ಸಮಯ ಕಡಿಮೆ. ನಾನು ಕೇಳಿದ್ದು ಒಂದೇ: ಎದುರಿಗೆ ಯಾಕೆ ಬರಲಿಲ್ಲ?" ಎಂದರು.

ಸಭೆ ಗೊಳ್ಳೆಂದಿತು. ಆಮೇಲೆ ನಿಶ್ಶಬ್ದವಾಯಿತು, ಏಕೆಂದರೆ ಈಗ ತಪ್ಪಿಸಿಕೊಳ್ಳಲು ದಾರಿಯಿಲ್ಲವೆಂದು ಎಲ್ಲರಿಗೂ ಗೊತ್ತಾಗಿತ್ತು. ರಾಮನ ಅರ್ಥಧಾರಿಗಳು ಒಂದು ಗಳಿಗೆ ಸುಮ್ಮನಿದ್ದು, ಸ್ವರ ಇಳಿಸಿ, ತಾನು ಸುಗ್ರೀವನಿಗೆ ಮಾತು ಕೊಟ್ಟಿದ್ದನೆಂದೂ, ಎದುರು ಬಂದರೆ ವಾಲಿ ಶರಣಾಗಬಹುದಿತ್ತೆಂದೂ, ಶರಣಾದವನನ್ನು ಕೊಲ್ಲುವಂತಿಲ್ಲ, ಕೊಲ್ಲದಿದ್ದರೆ ಕೊಟ್ಟ ಮಾತು ಉಳಿಯುವಂತಿಲ್ಲವೆಂದೂ ಹೇಳಿದರು. ಮೂರೋ ನಾಲ್ಕೋ ವಾಕ್ಯ. ನನ್ನ ಪಕ್ಕದಲ್ಲಿ ಕುಳಿತಿದ್ದ ಅಜ್ಜಿಯೊಬ್ಬರು ಎಲೆಯಡಿಕೆಯ ಸಂಚಿಯನ್ನು ಬಿಚ್ಚುತ್ತ "ಇತ್ತೆ ಪಂಡೆರ್" ಎಂದರು. ಈಗ ಹೇಳಿದರು ಎಂದು. ಅಷ್ಟು ಹೊತ್ತು ಆಡಿದ್ದು ಆ ಅಜ್ಜಿಯ ಲೆಕ್ಕಕ್ಕೆ ಬರಲೇ ಇಲ್ಲ. ಆ ಉತ್ತರ ಸರಿಯೋ ತಪ್ಪೋ ಎಂಬ ಚರ್ಚೆ ಮನೆಗೆ ನಡೆದುಹೋಗುವ ದಾರಿಯುದ್ದಕ್ಕೂ ನಡೆಯಿತು. ಉತ್ತರವೊಂದು ಇತ್ತಾದ್ದರಿಂದಲೇ ಚರ್ಚೆ ನಡೆಯಲು ಸಾಧ್ಯವಾಯಿತು.

ಮೊದಲ ಅರ್ಧ ಗಂಟೆಯ ಮಾತಿಗೂ ಕೊನೆಯ ನಾಲ್ಕು ವಾಕ್ಯಗಳಿಗೂ ಶಬ್ದಸಂಪತ್ತಿನಲ್ಲಿ ವ್ಯತ್ಯಾಸವಿರಲಿಲ್ಲ. ಶರಣಾಗತಿ, ಪ್ರತಿಜ್ಞೆ, ಸಖ್ಯ ಎಂಬಂಥ ಪದಗಳೇ ಅಲ್ಲಿಯೂ ಇದ್ದವು. ಬದಲಾದದ್ದು ಎದುರಿಗೆ ಕುಳಿತವರ ಪ್ರಶ್ನೆಯನ್ನು ಒಪ್ಪಿಕೊಂಡು ಮಾತಾಡಿದ್ದು. ಬರೆಯುವವರ ತೊಂದರೆಯೆಂದರೆ ಅವರ ಎದುರಿಗೆ ವಾಲಿ ಕುಳಿತಿರುವುದಿಲ್ಲ. ಕಾಗದ ಎಷ್ಟು ಹೇಳಿದರೂ ಕೇಳಿಸಿಕೊಳ್ಳುತ್ತದೆ, ನಡುವೆ ಬಾಯಿ ಹಾಕುವುದಿಲ್ಲ, ಆಕಳಿಸುವುದೂ ಇಲ್ಲ. ಗುಮಾಸ್ತರು ಆ ಹೆಂಗಸಿನ ಮುಂದೆ ಸ್ಪಷ್ಟವಾಗಿ ಮಾತಾಡಿದ್ದು ಅವರ ಕನ್ನಡದ ಬಲದಿಂದಲ್ಲ, ಆಕೆ ಎದುರಿಗೆ ನಿಂತು ಕೇಳಿದ್ದರಿಂದ.

ಸುರಂಗದ ಅರ್ಜಿ

ಇದನ್ನು ಇನ್ನಷ್ಟು ಹತ್ತಿರದಿಂದ ನೋಡುವ ಸಂದರ್ಭವೊಂದು ಕಳೆದ ಬೇಸಗೆಯಲ್ಲಿ ಒದಗಿತು. ನಮ್ಮ ಕಡೆಯ ಗುಡ್ಡಗಳಲ್ಲಿ ಸುರಂಗಗಳು ಈಗಲೂ ಇವೆ. ಮುರಕಲ್ಲಿನ ಗುಡ್ಡದ ಬದಿಯಲ್ಲಿ ಒಬ್ಬ ಮನುಷ್ಯ ಹೋಗುವಷ್ಟು ಅಗಲಕ್ಕೆ ಅಡ್ಡಲಾಗಿ ಕೊರೆದುಕೊಂಡು ಹೋಗಿ, ಒಳಗೆ ಜಿನುಗುವ ನೀರನ್ನು ಯಾವ ಪಂಪೂ ಇಲ್ಲದೆ ಇಳಿಜಾರಿನ ಬಲದಿಂದಲೇ ಹೊರಗೆ ತರುವ ವ್ಯವಸ್ಥೆ ಅದು. ಗಡಿಯಾಚೆ ಅಡ್ಯನಡ್ಕದ ಸಮೀಪದ ಅಮೈ ಮಹಾಲಿಂಗ ನಾಯ್ಕರಿಗೆ ಒಬ್ಬರೇ ಸುರಂಗ ಕೊರೆದು ಬೋಳುಗುಡ್ಡವನ್ನು ತೋಟ ಮಾಡಿದ್ದಕ್ಕಾಗಿ 2022ರಲ್ಲಿ ಪದ್ಮಶ್ರೀ ಬಂದ ಮೇಲೆ ಹೊರಗಿನವರೂ ಈ ಸುರಂಗಗಳ ಬಗ್ಗೆ ವಿಚಾರಿಸತೊಡಗಿದ್ದಾರೆ. ನಮ್ಮ ನೆರೆಯ ಹಿರಿಯ ಕೃಷಿಕರೊಬ್ಬರ ತೋಟಕ್ಕೆ ಅಂಥದೊಂದು ಸುರಂಗದ ನೀರೇ ಆಧಾರ. ಅದು ಬತ್ತಿತೆಂದು ದೂರು ಕೊಡಲು ಅವರು ಅರ್ಜಿಯೊಂದನ್ನು ಬರೆಯಿಸಿಕೊಂಡು ಬಂದಿದ್ದರು. ಬರೆದದ್ದು ಕಾಲೇಜಿಗೆ ಹೋಗುವ ಮೊಮ್ಮಗ.

"ಮಾನ್ಯರೇ, ಈ ಮೂಲಕ ತಮ್ಮಲ್ಲಿ ಸವಿನಯವಾಗಿ ನಿವೇದಿಸಿಕೊಳ್ಳುವುದೇನೆಂದರೆ, ಅನಾದಿ ಕಾಲದಿಂದಲೂ ಪ್ರಕೃತಿಯೊಂದಿಗೆ ಬೆಸೆದುಕೊಂಡು ಬಾಳಿ ಬಂದಿರುವ ನಮ್ಮ ಕುಟುಂಬವು ಇಂದು ಜೀವಜಲದ ಅಭಾವದಿಂದಾಗಿ ತತ್ತರಿಸುತ್ತಿದ್ದು, ಮಾನವನ ದುರಾಸೆಗೆ ಬಲಿಯಾದ ಪರಿಸರದ ಆಕ್ರಂದನವನ್ನು ಸಂಬಂಧಪಟ್ಟವರು ಆಲಿಸಿ ಸೂಕ್ತ ಕ್ರಮ ಕೈಗೊಳ್ಳಬೇಕಾಗಿ" ಎಂದು ಅದು ಮುಂದುವರಿದಿತ್ತು. ಹುಡುಗನ ಭಾಷೆಯಲ್ಲಿ ತಪ್ಪಿಲ್ಲ. ಭಾಷಣ ಸ್ಪರ್ಧೆಗೆ ಇದು ನಡೆದೀತು. ಆದರೆ ಇಡೀ ಪುಟದಲ್ಲಿ ಸುರಂಗ ಎಂಬ ಮಾತೇ ಇರಲಿಲ್ಲ, ಗುಡ್ಡ ಯಾವುದೆಂದಿರಲಿಲ್ಲ, ಯಾರ ಮೇಲೆ ದೂರೆಂದಿರಲಿಲ್ಲ. ನಾವು ಮಕ್ಕಳಿಗೆ ಶಾಲೆಯಲ್ಲಿ ಪ್ರಬಂಧ ಬರೆಯಿಸುವ ರೀತಿಯೇ ಹೀಗೆ. ಕೊಟ್ಟ ವಿಷಯದ ಮೇಲೆ ಎಷ್ಟು ಸಾಲು ತುಂಬಿಸಿದರು ಎಂದು ನೋಡುತ್ತೇವೆಯೇ ಹೊರತು, ಹೇಳಲು ಒಂದು ಸಂಗತಿಯಾದರೂ ಇತ್ತೇ ಎಂದು ಕೇಳುವುದಿಲ್ಲ.

ಅರ್ಜಿಯನ್ನು ಮಡಚಿ ಬದಿಗಿಟ್ಟು, "ಅಣ್ಣ, ನೀವೇ ಹೇಳಿ, ಏನಾಯಿತು?" ಎಂದು ಕೇಳಿದೆ. ಅವರು ತುಳುವಿನಲ್ಲಿ ಹೇಳಿದ್ದನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತೇನೆ. ಸುರಂಗವನ್ನು ಅವರ ತಂದೆ ಕೊರೆಯಿಸಿದ್ದು. ಎಂಥ ಬೇಸಗೆಯಲ್ಲಿಯೂ ಕೆರೆಗೆ ಬೆರಳು ಗಾತ್ರದ ನೀರು ಬೀಳುತ್ತಿತ್ತು. ದೀಪಾವಳಿಯ ನಂತರ ಗುಡ್ಡದ ತಲೆಯಲ್ಲಿ ಕಲ್ಲುಕೋರೆ ಶುರುವಾಯಿತು. ಮೊದಲು ನೀರು ಕೆಂಪಾಗಿ ಬಂತು, ಆಮೇಲೆ ನೂಲಿನಷ್ಟಾಯಿತು, ಶಿವರಾತ್ರಿಯ ಹೊತ್ತಿಗೆ ನಿಂತಿತು. ಇಷ್ಟನ್ನು ಅವರು ಒಂದು ಕಡೆಯೂ ಎಡವದೆ, ಯಾವುದು ಮೊದಲು ಆಯಿತೋ ಅದನ್ನು ಮೊದಲು ಹೇಳುತ್ತ ಬಂದರು. ಈಗ ಯಾರು ಏನು ಮಾಡಬೇಕೆಂದು ಕೇಳಿದೆ. ಕೋರೆ ನಿಲ್ಲಿಸಬೇಕು ಎನ್ನುತ್ತಾರೆಂದು ನಾನು ಎಣಿಸಿದ್ದೆ. ಅವರೆಂದದ್ದು ಬೇರೆ: "ಮಳೆಗಾಲಕ್ಕೆ ಮೊದಲು ಯಾರಾದರೂ ಬಂದು ನೋಡಲಿ. ಮಳೆ ಬಿದ್ದರೆ ಕೋರೆಯ ಗುಂಡಿಯಲ್ಲಿ ನೀರು ನಿಲ್ಲುತ್ತದೆ, ಸುರಂಗದಲ್ಲಿಯೂ ನೀರು ಬರುತ್ತದೆ. ಆಗ ನೋಡಿದವರು ನಾನು ಸುಳ್ಳು ಹೇಳುತ್ತೇನೆ ಎನ್ನುತ್ತಾರೆ."

ಅರ್ಜಿಯ ಜೀವ ಇದ್ದದ್ದು ಈ ಮಾತಿನಲ್ಲಿ. ಅಧಿಕಾರಿಗೆ ಕಾಗದ ತಲುಪಿದ ಮೇಲೆ ಅವಸರ ಯಾಕೆಂದು ತಿಳಿಯುವುದು ಇದರಿಂದ ಮಾತ್ರ. ನಾವು ಕುಳಿತು ಬರೆದದ್ದು ಹೀಗೆ: "ನನ್ನ ಅಡಿಕೆ ತೋಟಕ್ಕೂ ಮನೆಗೂ ನೀರು ಒದಗಿಸುವ ಸುರಂಗವು ಮಹಾಶಿವರಾತ್ರಿಯಿಂದ ಬತ್ತಿದೆ. ದೀಪಾವಳಿಯ ನಂತರ ಸುರಂಗದ ಮೇಲ್ಭಾಗದ ಗುಡ್ಡದಲ್ಲಿ ಕಲ್ಲುಕೋರೆ ಆರಂಭವಾಗಿದ್ದು, ಅದರಿಂದಲೇ ನೀರು ನಿಂತಿತೆಂದು ನಾನು ನಂಬಿದ್ದೇನೆ. ತಾವು ಮಳೆಗಾಲಕ್ಕೆ ಮೊದಲು ಸ್ಥಳಕ್ಕೆ ಬಂದು ಪರಿಶೀಲಿಸಬೇಕು. ಮಳೆ ಬಂದ ನಂತರ ಕೋರೆಯಲ್ಲಿಯೂ ಸುರಂಗದಲ್ಲಿಯೂ ನೀರು ತುಂಬುವುದರಿಂದ ವಾಸ್ತವ ಸ್ಥಿತಿ ತಿಳಿಯಲಾರದು." ಇದರ ಕೆಳಗೆ ಸರ್ವೆ ನಂಬ್ರ, ಗುಡ್ಡದ ಹೆಸರು, ಕೋರೆಗೆ ಹೋಗುವ ದಾರಿ. ಮೊಮ್ಮಗ ಇದನ್ನು ಓದಿ ಸ್ವಲ್ಪ ಸಪ್ಪಗಾದ. ಇಷ್ಟು ಗಿಡ್ಡ ಅರ್ಜಿಗೆ ಮರ್ಯಾದೆ ಸಿಗುತ್ತದೆಯೇ ಎಂಬುದು ಅವನ ಸಂದೇಹ. ಅಜ್ಜನಿಗೆ ಆ ಸಂದೇಹ ಬರಲಿಲ್ಲ. ಅವರು 'ನಂಬಿದ್ದೇನೆ' ಎಂಬ ಒಂದು ಕಡೆ ಬೆರಳಿಟ್ಟು, ನಂಬಿಕೆ ಎಂತದು, ಕೋರೆಯಿಂದಲೇ ಆದದ್ದು ಎಂದು ಬರೆಯಬಾರದೇ ಎಂದು ಕೇಳಿದರು. ನೀರು ಯಾವ ಕಾರಣಕ್ಕೆ ನಿಂತಿತೆಂದು ನೆಲದೊಳಗೆ ಹೊಕ್ಕು ನೋಡಿದವರು ನಾವಲ್ಲ, ಅದನ್ನು ಹೇಳಬೇಕಾದವರು ಬಂದು ನೋಡುವವರು ಎಂದೆ. ತಿಳಿದದ್ದನ್ನೂ ಊಹಿಸಿದ್ದನ್ನೂ ಬೇರೆ ಬೇರೆಯಾಗಿ ಇಡುವುದು ಅರ್ಜಿಗೊಂದು ಬಲವೇ.

ಮಳೆ ಹಿಡಿಯುವ ಮೊದಲು ಇಬ್ಬರು ಬಂದು ನೋಡಿ ಮಹಜರು ಬರೆದುಕೊಂಡು ಹೋದರು. ಸುರಂಗಕ್ಕೆ ಹಿಂದಿನ ನೀರು ಇನ್ನೂ ಬಂದಿಲ್ಲ. ಬರಹ ಸ್ಪಷ್ಟವಾದ ಮಾತ್ರಕ್ಕೆ ನ್ಯಾಯ ದೊರೆಯುತ್ತದೆಂಬ ಭ್ರಮೆ ನನಗಿಲ್ಲ. ಆದರೆ ಸ್ಪಷ್ಟವಾದ ಅರ್ಜಿಗೆ 'ಸೂಕ್ತ ಕ್ರಮ ಕೈಗೊಳ್ಳಲಾಗುವುದು' ಎಂದು ಉತ್ತರಿಸುವುದು ಕಷ್ಟ; ಬಂದು ನೋಡುತ್ತೇವೆ ಅಥವಾ ನೋಡುವುದಿಲ್ಲ ಎಂದೇ ಹೇಳಬೇಕಾಗುತ್ತದೆ.

ಉದ್ದದ ವಾಕ್ಯದ ಬಗ್ಗೆ ಒಂದು ಮಾತು

ಗಿಡ್ಡ ವಾಕ್ಯಗಳನ್ನೇ ಬರೆಯಬೇಕೆಂಬ ನಿಯಮವನ್ನು ನಾನು ಒಪ್ಪುವುದಿಲ್ಲ. ನಮ್ಮ ಮನೆಯ ಪೆಟ್ಟಿಗೆಯಲ್ಲಿ ಮದರಾಸು ಪ್ರಾಂತದ ಕಾಲದ ಕನ್ನಡ ದಸ್ತಾವೇಜೊಂದಿದೆ. ಅದು ಪುಟ ತುಂಬ ಒಂದೇ ವಾಕ್ಯ. ಬರೆದುಕೊಡುವವರು ಯಾರು, ಯಾರ ಮಗ, ಎಲ್ಲಿಯ ನಿವಾಸಿ, ಯಾರಿಗೆ ಬರೆದುಕೊಡುತ್ತಿದ್ದಾರೆ, ಹಣ ಎಷ್ಟು, ಅದು ಹೇಗೆ ಸಂದಿತು ಎಂದು ಹೇಳುತ್ತ ಬಂದು, ಮೂಡಲು ತೋಡು, ತೆಂಕಲು ಇಂಥವರ ವರ್ಗಸ್ಥಳದ ಅಗಳು, ಪಡುವಲು ದೇವಸ್ಥಾನದ ಗದ್ದೆ, ಬಡಗಲು ಹಲಸಿನ ಮರದಿಂದ ಏರುವ ಕಾಲುದಾರಿ ಎಂದು ನಾಲ್ಕು ಎಲ್ಲೆಗಳನ್ನು ಕಟ್ಟಿ, ಇದರೊಳಗಿನ ಭೂಮಿಯನ್ನು ನಿಮಗೆ ಬಿಟ್ಟುಕೊಟ್ಟಿದ್ದೇನೆ ಎಂಬಲ್ಲಿಗೆ ಮುಟ್ಟುತ್ತದೆ. ಓದುತ್ತ ಹೋದಂತೆ ಎಲ್ಲಿಯೂ ಹಿಂದಕ್ಕೆ ತಿರುಗಿ ನೋಡಬೇಕಾಗುವುದಿಲ್ಲ. ಸುರಂಗದ ನೀರನ್ನು ತೋಟಕ್ಕೆ ತರಲು ಅಡಿಕೆ ಮರವನ್ನು ಸೀಳಿ ಮಾಡಿದ ದಂಬೆಗಳನ್ನು ಒಂದಕ್ಕೊಂದು ಜೋಡಿಸುವಾಗ, ಎಷ್ಟು ದಂಬೆಗಳಾದರೂ ಇಳಿಜಾರು ತಪ್ಪದಿದ್ದರೆ ನೀರು ಹರಿಯುತ್ತದೆ, ನಡುವೆ ಒಂದು ಮೇಲಾದರೆ ಅಲ್ಲಿಯೇ ಚೆಲ್ಲುತ್ತದೆ. ಆ ದಸ್ತಾವೇಜಿನ ವಾಕ್ಯದಲ್ಲಿ ಇಳಿಜಾರು ತಪ್ಪಿಲ್ಲ. ನೋಟೀಸಿನ ವಾಕ್ಯದಲ್ಲಿ 'ಒಳಪಡಿಸಲ್ಪಟ್ಟಿದ್ದು' ಎಂಬಲ್ಲಿ ಒಬ್ಬರನ್ನು ಕುರಿತು ಹೊರಟ ಮಾತು 'ಕೈಗೊಳ್ಳಲಾಗುವುದು' ಎಂಬಲ್ಲಿ ಇನ್ಯಾರದೋ ಆಗಿದೆ. ಹೋಗಿ, ನೋಡಿ, ಕೊಟ್ಟು, ಬಂದು ಎಂದು ಕ್ರಿಯೆಗಳನ್ನು ಪೋಣಿಸಿಕೊಂಡು ಹೋಗಲು ಕನ್ನಡ ಬಿಡುತ್ತದೆ, ಆದರೆ ಅವೆಲ್ಲವನ್ನೂ ಮಾಡಿದವರು ಒಬ್ಬರೇ ಆಗಿರಬೇಕು. (ಆ ಹಲಸಿನ ಮರ ಈಗಿಲ್ಲ. ಬಡಗು ದಿಕ್ಕಿನ ಎಲ್ಲೆಯ ವಿಷಯದಲ್ಲಿ ನಮಗೂ ನೆರೆಯವರಿಗೂ ಒಂದು ಸಣ್ಣ ತಕರಾರು ಉಂಟು. ಅದು ಬರೆದವರ ತಪ್ಪಲ್ಲ.)

ಎರಡು ಸಲ ಓದಿಸಿಕೊಳ್ಳುವ ಕಾಗದ

ನಮ್ಮ ಅರ್ಜಿಗಳಿಗೆ ಇನ್ನೊಂದು ಪರೀಕ್ಷೆಯೂ ಇದೆ. ದೂರು ಕೊಡುವವರು ಒಕ್ಕೂಟದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಿ ಬೇಕಾದರೂ ಅರ್ಜಿ ಸಲ್ಲಿಸಬಹುದೆಂದು ಸಂವಿಧಾನದ 350ನೆಯ ವಿಧಿ ಹೇಳುತ್ತದೆ. ಕಾಸರಗೋಡು ಕೇರಳಕ್ಕೆ ಸೇರಿದ 1956ರಲ್ಲಿಯೇ ಏಳನೆಯ ತಿದ್ದುಪಡಿಯ ಮೂಲಕ ಅದಕ್ಕೆ 350-ಎ ಮತ್ತು 350-ಬಿ ಎಂಬ ವಿಧಿಗಳೂ ಸೇರಿ, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣ ಮತ್ತು ಅವರ ಹಕ್ಕುಗಳನ್ನು ನೋಡಿಕೊಳ್ಳಲು ವಿಶೇಷ ಅಧಿಕಾರಿಯ ವ್ಯವಸ್ಥೆಯಾಯಿತು. ಬರೆಯುವ ಹಕ್ಕು ಹೀಗೆ ಭದ್ರವಾಗಿದೆ; ಅದಕ್ಕಾಗಿ ಹೋರಾಡಿದವರ ಋಣ ನಮ್ಮ ಮೇಲಿದೆ. ಆದರೆ ಕನ್ನಡದಲ್ಲಿ ಕೊಟ್ಟ ಅರ್ಜಿಯ ಮೇಲೆ ತೀರ್ಮಾನ ಮಾಡುವವರು ಅನೇಕ ಸಲ ಕನ್ನಡ ಬಾರದವರು. ಕೆಳಗಿನ ಮೇಜಿನಲ್ಲಿರುವ ಒಬ್ಬರು ಅದನ್ನು ಮಲಯಾಳದಲ್ಲಿ ಎರಡು ಸಾಲು ಮಾಡಿ ಮೇಲಕ್ಕೆ ಕಳುಹಿಸುತ್ತಾರೆ. ನಮ್ಮ ಕಾಗದದ ಭವಿಷ್ಯ ಆ ಎರಡು ಸಾಲುಗಳಲ್ಲಿದೆ.

ಮೊಮ್ಮಗನ ಅರ್ಜಿಯಿಂದ ಯಾವ ಎರಡು ಸಾಲು ಮಾಡಲು ಬರುತ್ತದೆ? 'ನೀರಿಲ್ಲವೆಂದು ದೂರು' ಎಂದಷ್ಟೇ ಬರೆದಾರು, ಅದು ಬೇಸಗೆಯ ನೂರು ದೂರುಗಳ ಕಟ್ಟಿಗೆ ಸೇರೀತು. ಸುರಂಗ, ಕೋರೆ, ಮಳೆಗಾಲಕ್ಕೆ ಮೊದಲು ಎಂಬ ಮೂರನ್ನು ಮಾತ್ರ ಎಷ್ಟು ಅವಸರದಲ್ಲಿ ಅನುವಾದಿಸಿದರೂ ಬಿಡಲಾಗುವುದಿಲ್ಲ. ಆದುದರಿಂದ ಅರ್ಜಿ ಬರೆದು ಮುಗಿಸಿದ ಮೇಲೆ, ಮನೆಮಾತು ಬೇರೆಯಾದ ಒಬ್ಬರಿಗೆ ಅದನ್ನು ಓದಿ ಹೇಳಿ, ಅವರು ತಮ್ಮ ಭಾಷೆಯಲ್ಲಿ ತಿರುಗಿ ಹೇಳುವುದನ್ನು ಕೇಳಿಸಿಕೊಳ್ಳುವುದನ್ನು ರೂಢಿ ಮಾಡಿಕೊಂಡಿದ್ದೇನೆ. ನಮ್ಮ ಬಸ್ಸು ನಿಲ್ದಾಣದ ಬಳಿಯ ಅಂಗಡಿಯ ಬ್ಯಾರಿ ಗೆಳೆಯರೊಬ್ಬರು ಇದಕ್ಕೆ ಸಿಕ್ಕಿದ್ದಾರೆ. ಗಿರಾಕಿಗಳ ನಡುವೆ ಅರ್ಧ ಕಿವಿಯಲ್ಲಿ ಕೇಳಿ, ಎರಡು ಮಾತಿನಲ್ಲಿ ತಿರುಗಿಸಿ ಹೇಳುತ್ತಾರೆ. ಅವರು ಬಿಟ್ಟದ್ದನ್ನು ಕಚೇರಿಯವರೂ ಬಿಡುತ್ತಾರೆ.

ನೋಟೀಸುಗಳ ಕಡೆಯಿಂದಲೂ ಹೀಗೊಂದು ರೂಢಿ ಬೇಕು. ಕನ್ನಡದಲ್ಲಿ ನೋಟೀಸು ಕೊಡಿ ಎಂದು ನಾವು ಕೇಳುತ್ತ ಬಂದಿದ್ದೇವೆ, ಕೊಡುತ್ತಲೂ ಇದ್ದಾರೆ. ಇನ್ನು ಕೇಳಬೇಕಾದದ್ದು, ಅನುವಾದಕರಿಗೆ ಮಲಯಾಳದ ಕಾಗದವನ್ನು ಕೊಡುವಾಗ ಅದನ್ನು ಬರೆದವರನ್ನೂ ಐದು ನಿಮಿಷ ಎದುರಿಗೆ ಕುಳ್ಳಿರಿಸಿ ಎಂದು. ಯಾರ ಹೆಸರನ್ನು, ಯಾರು, ಯಾವ ದಿನ, ಯಾವ ಕಾಗದ ಇಲ್ಲದಿದ್ದರೆ ತೆಗೆಯುತ್ತೀರಿ ಎಂದು ಕೇಳುವ ಅಧಿಕಾರವನ್ನು ಅನುವಾದಕರಿಗೆ ಕೊಡಿ ಎಂದು. ಈ ಮಾತನ್ನು ಕಳೆದ ತಿಂಗಳ ಗ್ರಾಮಸಭೆಯಲ್ಲಿ ಎತ್ತಿದೆ. ಅದನ್ನು ನಿರ್ಣಯದ ಪುಸ್ತಕದಲ್ಲಿ ಬರೆದುಕೊಂಡಿದ್ದಾರೆ. ಹೇಗೆ ಬರೆದುಕೊಂಡಿದ್ದಾರೆಂದು ಇನ್ನು ಹೋಗಿ ನೋಡಬೇಕು.